ಜಡೆ ಕೊಂಬಾದ ಹೆಂಗಸು: ಇನುಯಿಟ್ ಅಚ್ಚುಚಿತ್ರಗಳು ಕಥೆಯನ್ನು ಉಳಿಸುತ್ತವೆಯೇ?

ಬ್ರಾಂಪ್ಟನ್ ಸೊಸೆ · ಭಾನುವಾರ, ರಾತ್ರಿ 9.40

ನಿನ್ನೆ ಜಡಿಮಳೆ. ಊರಿನಿಂದ ಬಂದಿರುವ ಅತ್ತೆಯನ್ನು ಎಲ್ಲಿಗೂ ಕರೆದೊಯ್ಯುವಂತಿರಲಿಲ್ಲ ಎಂದು ಇಲ್ಲೇ ಹತ್ತಿರದ ಒಂದು ಚಿತ್ರಪ್ರದರ್ಶನಕ್ಕೆ ಹೋದೆವು. ಕೆನಡಾದ ಉತ್ತರ ತುದಿಯ ಇನುಯಿಟ್ ಜನರ ಅಚ್ಚುಚಿತ್ರಗಳು. ಅತ್ತೆ ಗೂಬೆಗಳನ್ನೆಲ್ಲ ಸರಸರನೆ ದಾಟಿಕೊಂಡು ಹೋದರು, "ಬೆಳಗ್ಗೆ ಬೆಳಗ್ಗೆ ಗೂಬೆ ಮುಖ" ಎಂದು ಗೊಣಗಿದರು. ಆಮೇಲೆ ಒಂದು ಚಿತ್ರದ ಮುಂದೆ ನಿಂತವರು ಕದಲಲೇ ಇಲ್ಲ.

ಕಪ್ಪು, ಒಂದಿಷ್ಟು ನೀಲಿ, ಅಷ್ಟೇ ಬಣ್ಣ. ಒಬ್ಬ ಹೆಂಗಸು ನೀರಿಗೆ ತಲೆಕೆಳಗಾಗಿ ಬೀಳುತ್ತಿದ್ದಾಳೆ. ಸೊಂಟದಿಂದ ಕೆಳಗೆ ಆಗಲೇ ಮೀನಿನ ಮೈ. ಜಡೆ ಹಗ್ಗದಂತೆ ಹೊಸೆದುಕೊಂಡು ಮುಂದಕ್ಕೆ ಉದ್ದನೆಯ ಕೊಂಬಾಗಿದೆ. ದಡದಲ್ಲಿ ಒಬ್ಬ ಹುಡುಗ ಎರಡೂ ಕೈ ಮುಂದೆ ಚಾಚಿ ನಿಂತಿದ್ದಾನೆ. ಕೈ ಖಾಲಿ.

"ಇದರ ಕಥೆ ಏನೇ?" ಎಂದು ಅತ್ತೆ ಕೇಳಿದರು. ಪಕ್ಕದ ಚೀಟಿಯಲ್ಲಿ ಹೆಸರು, ಇಸವಿ, ಸ್ಟೋನ್‌ಕಟ್ ಎಂಬ ಪದ ಇದ್ದವು. ಚಿತ್ರದ ಕೆಳಗೆ ಪೆನ್ಸಿಲಿನಲ್ಲಿ 23/50 ಎಂದಿತ್ತು. ಕಥೆ ಎಲ್ಲಿಯೂ ಇರಲಿಲ್ಲ. ಬಾಗಿಲಿನ ಬಳಿಯ ದೊಡ್ಡ ಫಲಕದಲ್ಲಿ ಮಾತ್ರ ಈ ಕಲೆಯು ಬಾಯಿಂದ ಬಾಯಿಗೆ ಬಂದ ಕಥೆಗಳನ್ನು ಉಳಿಸಿಕೊಟ್ಟಿದೆ ಎಂದು ಬರೆದಿದ್ದರು. ಅಲ್ಲಿದ್ದ ಹುಡುಗಿಯನ್ನು ಕೇಳಿದೆ, ಪಾಪ, ಅವಳಿಗೂ ಗೊತ್ತಿರಲಿಲ್ಲ. ಚಿತ್ರದ ಫೋಟೊ ತೆಗೆದಿದ್ದೆ, ಆಟಕ್ಕೆ ಜಾಗ ಸಾಲದೆಂದು ಮಗ ಅಳಿಸಿಹಾಕಿದ್ದಾನೆ.

ಯಾರಿಗಾದರೂ ಈ ಕಥೆ ಗೊತ್ತೇ? ಆ 23/50 ಏನು? ಮತ್ತೆ, ಹೇಳುವವರೇ ಇಲ್ಲದಿದ್ದರೆ ಕಥೆ ಉಳಿದಂತೆ ಹೇಗೆ?

ಮಸಿ ಮೆತ್ತಿದ ಕೈ · ಭಾನುವಾರ, ರಾತ್ರಿ 10.15

ಎರಡನೆಯ ಪ್ರಶ್ನೆ ನನ್ನದು, ಬಿಟ್ಟುಕೊಡುವುದಿಲ್ಲ. ಮೈಸೂರಿನಲ್ಲಿ ಗ್ರಾಫಿಕ್ ವಿಭಾಗದಲ್ಲಿ ಓದಿ, ಇಪ್ಪತ್ತು ವರ್ಷದಿಂದ ಮರ ಕೆತ್ತಿ ಉಗುರು ಹಾಳು ಮಾಡಿಕೊಂಡವನು ನಾನು.

23/50 ಎಂದರೆ ಆ ಚಿತ್ರದ ಐವತ್ತೇ ಪ್ರತಿಗಳು ಜಗತ್ತಿನಲ್ಲಿವೆ, ನೀವು ನೋಡಿದ್ದು ಇಪ್ಪತ್ತಮೂರನೆಯದು. ಸ್ಟೋನ್‌ಕಟ್ ಎಂಬುದನ್ನು ದಯವಿಟ್ಟು ಯಾರೂ ಕಲ್ಲಚ್ಚು ಎಂದು ಕನ್ನಡಿಸಬೇಡಿ. ನಮ್ಮಲ್ಲಿ ಕಲ್ಲಚ್ಚು ಎಂದರೆ ಲಿಥೊ. 1843ರ 'ಮಂಗಳೂರ ಸಮಾಚಾರ' ಅಚ್ಚಾದದ್ದು ಹಾಗೆ. ಅದರಲ್ಲಿ ಕಲ್ಲನ್ನು ಕೆತ್ತುವುದಿಲ್ಲ, ನುಣ್ಣನೆಯ ಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆಯುತ್ತಾರೆ. ಜಿಡ್ಡು ಮತ್ತು ನೀರು ಒಂದಕ್ಕೊಂದು ಸೇರುವುದಿಲ್ಲವಲ್ಲ, ಅದೇ ಅದರ ಗುಟ್ಟು.

ಇನುಯಿಟ್ ಜನರದು ಕೆತ್ತಿದ ಕಲ್ಲು. ಚಪ್ಪಟೆ ಕಲ್ಲನ್ನು ಉಜ್ಜಿ ಮಟ್ಟ ಮಾಡುತ್ತಾರೆ. ರೇಖಾಚಿತ್ರವನ್ನು ಅದರ ಮೇಲೆ ಇಳಿಸುತ್ತಾರೆ. ಅಚ್ಚಿನಲ್ಲಿ ಎಡಬಲ ಅದಲುಬದಲಾಗುತ್ತದೆ, ಅದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು. ಬಿಳಿ ಇರಬೇಕಾದ ಕಡೆಯೆಲ್ಲ ಕೆತ್ತಿ ತೆಗೆಯುತ್ತಾರೆ, ಉಬ್ಬಾಗಿ ಉಳಿದದ್ದೇ ಚಿತ್ರ. ಉಬ್ಬಿನ ಮೇಲೆ ಉರುಳೆಯಿಂದ ಮಸಿ ಹಚ್ಚಿ, ಜಪಾನಿನ ತೆಳ್ಳನೆಯ ನಾರಿನ ಕಾಗದ ಹಾಸಿ, ಕೈಯಿಂದ ತಿಕ್ಕುತ್ತಾರೆ. ಯಂತ್ರ ಇಲ್ಲ. ಬಟ್ಟೆ ಸುತ್ತಿದ ಸಣ್ಣ ಬಿಲ್ಲೆ, ಇಲ್ಲವೇ ಚಮಚದ ಬೆನ್ನು ಸಾಕು. ಹೀಗೆ ತಿಕ್ಕುವಾಗ ಕಾಗದದ ಹಿಂಬದಿಯಲ್ಲಿ ಚಿತ್ರ ಮಬ್ಬಾಗಿ ಮೂಡತೊಡಗುತ್ತದೆ. ಒಂದು ಮೂಲೆ ಎತ್ತಿ ಇಣುಕಿ, ಮಸಿ ಸಾಲದೆಂದು ಅನ್ನಿಸಿದ ಕಡೆ ಇನ್ನಷ್ಟು ತಿಕ್ಕಿ, ಕೊನೆಗೆ ಉಸಿರು ಬಿಗಿಹಿಡಿದು ಎತ್ತುತ್ತೀರಿ. ಇದು ಐವತ್ತು ಸಲ.

ಐವತ್ತೂ ಮುಗಿದ ಮೇಲೆ ಇನ್ನೊಂದು ಪ್ರತಿ ಬಾರದಿರಲಿ ಎಂದು ಕಲ್ಲಿನ ಮೇಲಿನ ಚಿತ್ರವನ್ನು ಗೀಚಿ ಕೆಡಿಸುತ್ತಾರೆ. ಉಜ್ಜಿ ಮಟ್ಟ ಮಾಡಿದರೆ ಅದೇ ಕಲ್ಲು ಮುಂದಿನ ಚಿತ್ರಕ್ಕೆ ಆಗುತ್ತದೆ. ಕಥೆ ಉಳಿಸಿದ ಕಲ್ಲು ಎಂದು ಭಾವುಕರಾಗುವವರಿಗೆ ಇದನ್ನು ಹೇಳಿ, ಆ ಕಲ್ಲೇ ಉಳಿಯುವುದಿಲ್ಲ.

ಜಗಲಿಕಟ್ಟೆ · ಭಾನುವಾರ, ರಾತ್ರಿ 11.02

ನಿವೃತ್ತ ಮೇಷ್ಟ್ರು, ಜಾನಪದ ಕಲಿಸುತ್ತಿದ್ದವನು. ತಂಗಿ, ಈ ಕಥೆಯನ್ನು ನಿಮ್ಮ ಅತ್ತೆಯವರಿಗೆ ಓದಿ ಹೇಳಿ. ಇದಕ್ಕೆ ಲೂಮಾಕ್ ಎಂಬ ಹೆಸರಿದೆ, ಕುರುಡ ಹುಡುಗ ಮತ್ತು ಲೂನ್ ಹಕ್ಕಿ ಎಂದೂ ಕರೆಯುತ್ತಾರೆ. ಅಲಾಸ್ಕಾದಿಂದ ಗ್ರೀನ್‌ಲೆಂಡಿನವರೆಗೆ ಊರಿಗೊಂದು ಪಾಠವಿದೆ.

ಒಬ್ಬ ಹೆಂಗಸು, ಅವಳಿಗೊಬ್ಬ ಕುರುಡ ಮಗ, ಒಬ್ಬಳು ಮಗಳು. ಚಳಿಗಾಲದಲ್ಲಿ ಹಿಮಕರಡಿಯೊಂದು ಮನೆಯ ಕಿಟಕಿಗೇ ಬಂದುಬಿಡುತ್ತದೆ. ತಾಯಿ ಹುಡುಗನ ಕೈಗೆ ಬಿಲ್ಲು ಕೊಟ್ಟು ಗುರಿ ಹಿಡಿಸುತ್ತಾಳೆ, ಬಾಣ ನೆಟ್ಟಗೆ ನಾಟುತ್ತದೆ. ತಾಯಿ ಮಾತ್ರ "ಗುರಿ ತಪ್ಪಿದೆ, ನಿನ್ನ ಬಾಣ ನಾಯಿಗೆ ಬಿತ್ತು" ಎನ್ನುತ್ತಾಳೆ. ಕರಡಿಯ ಮಾಂಸ ಅವಳಿಗೆ, ನಾಯಿಯ ಮಾಂಸ ಮಗನಿಗೆ. ತಂಗಿ ತನ್ನ ಪಾಲಿನದನ್ನು ಅಂಗಿಯೊಳಗೆ ಬಚ್ಚಿಟ್ಟು ತಂದು ಅಣ್ಣನಿಗೆ ಉಣ್ಣಿಸುತ್ತಾಳೆ.

ಬೇಸಿಗೆ ಬಂದಾಗ ಹುಡುಗ ಕೆರೆಯ ದಡಕ್ಕೆ ಹೋಗುತ್ತಾನೆ. ಲೂನ್ ಎಂಬ ನೀರುಹಕ್ಕಿ ಅವನನ್ನು ಬೆನ್ನ ಮೇಲೆ ಕೂರಿಸಿಕೊಂಡು ಮುಳುಗುತ್ತದೆ, ಏಳುತ್ತದೆ, ಮತ್ತೆ ಮುಳುಗುತ್ತದೆ. ಪ್ರತಿ ಸಲ ಉಸಿರು ಕಟ್ಟಿದಾಗ ಒಂದಿಷ್ಟು ಕಣ್ಣು ಬರುತ್ತದೆ. ಕೊನೆಯ ಸಲ ಎದ್ದಾಗ ದೂರದ ಬೆಟ್ಟದ ಹುಲ್ಲಿನೆಳೆಯೂ ಕಾಣುತ್ತದೆ. ಮನೆಗೆ ಬಂದರೆ ಒಣಹಾಕಿದ ಕರಡಿಯ ತೊಗಲು ಕಾಣುತ್ತದೆ. ಏನೂ ಹೇಳುವುದಿಲ್ಲ.

ಆಮೇಲೆ ಬಿಳಿ ತಿಮಿಂಗಿಲಗಳು ದಡದ ಹತ್ತಿರ ಬರುವ ಕಾಲ. ಈಟಿಯ ಹಗ್ಗದ ತುದಿಯನ್ನು ತಾಯಿಯ ಸೊಂಟಕ್ಕೆ ಕಟ್ಟುತ್ತಾರೆ, ದಡದಲ್ಲಿ ಗೂಟದ ಹಾಗೆ ನಿಂತು ಎಳೆಯಲಿ ಎಂದು. "ಸಣ್ಣದಕ್ಕೆ ಹೊಡೆ ಮಗನೇ" ಎಂದು ಅವಳು ಕೂಗುತ್ತಾಳೆ. ಅವನು ದೊಡ್ಡದಕ್ಕೆ ಹೊಡೆಯುತ್ತಾನೆ, ಹೊಡೆದು ತಾನು ಹಿಡಿದಿದ್ದ ಹಗ್ಗವನ್ನು ಬಿಡುತ್ತಾನೆ. ಅವಳು ಸಮುದ್ರಕ್ಕೆ ಸೆಳೆದುಹೋಗುತ್ತಾಳೆ. ಏಳುತ್ತಾ ಮುಳುಗುತ್ತಾ ಅವಳ ಜಡೆ ಹೊಸೆದು ಹೊಸೆದು ಕೊಂಬಾಗುತ್ತದೆ. ಅದೇ ನಾರ್ವಾಲ್, ಮೂತಿಯ ಮೇಲೆ ತಿರುಪಿನ ಕೋಡಿರುವ ತಿಮಿಂಗಿಲ.

ಅಡ್ಡಮಾತು · ಸೋಮವಾರ, ಬೆಳಗ್ಗೆ 7.20

ಕಥೆ ಚೆನ್ನಾಗಿದೆ. ಆದರೆ ಮೂಲ ಪ್ರಶ್ನೆಯನ್ನು ಯಾರೂ ಮುಟ್ಟಲಿಲ್ಲ. ಪರಂಪರೆ, ಪರಂಪರೆ ಎನ್ನುತ್ತೀರಿ. ಈ ಅಚ್ಚುಕಲೆ 1957ಕ್ಕಿಂತ ಹಿಂದೆ ಅಲ್ಲಿ ಇರಲೇ ಇಲ್ಲ. ಅದರ ಹುಟ್ಟಿನ ಕಥೆಯನ್ನು ಪ್ರತಿ ಕ್ಯಾಟಲಾಗಿನಲ್ಲೂ ಓದಬಹುದು. ಬ್ಯಾಫಿನ್ ದ್ವೀಪದ ಕೇಪ್ ಡಾರ್ಸೆಟ್ಟಿನಲ್ಲಿ ಸರ್ಕಾರದ ಕೆಲಸಕ್ಕಿದ್ದ ಜೇಮ್ಸ್ ಹ್ಯೂಸ್ಟನ್ ಎಂಬ ಕಲಾವಿದನ ಬಳಿ ಒಸುಇಟೊಕ್ ಇಪೀಲೀ ಎಂಬ ಶಿಲ್ಪಿ ಕುಳಿತಿದ್ದನಂತೆ. ಎರಡು ಸಿಗರೇಟು ಪ್ಯಾಕುಗಳ ಮೇಲಿನ ನಾವಿಕನ ಮುಖವನ್ನು ನೋಡಿ, ಒಂದೇ ಮುಖವನ್ನು ಹೀಗೆ ಸಾವಿರಾರು ಸಲ ಬರೆಯಲು ಆ ಮನುಷ್ಯನಿಗೆ ಬೇಸರವಾಗುವುದಿಲ್ಲವೇ ಎಂದನಂತೆ. ಹ್ಯೂಸ್ಟನ್ ಆ ಇಪೀಲೀಯೇ ಕೆತ್ತಿದ್ದ ದಂತದ ಮೇಲೆ ಮಸಿ ಬಳಿದು, ಶೌಚದ ತೆಳುಕಾಗದ ಒತ್ತಿ, ಎತ್ತಿ ತೋರಿಸಿದನಂತೆ. "ಇದನ್ನು ನಾವೂ ಮಾಡಬಹುದು" ಎಂದನಂತೆ ಇಪೀಲೀ.

ಈ ಕಥೆಯನ್ನು ಹೇಳಿದವನು ಯಾರು? ಹ್ಯೂಸ್ಟನ್ನೇ. ನಾಲ್ಕು 'ಅಂತೆ' ಹಾಕಿದ್ದು ಅದಕ್ಕೆ.

ನನ್ನ ಲೆಕ್ಕದಲ್ಲಿ ಇದು ಕಥೆ ಉಳಿಸುವ ಯೋಜನೆಯಲ್ಲ, ಹೊಟ್ಟೆಪಾಡಿನ ಯೋಜನೆ. ತುಪ್ಪಳದ ವ್ಯಾಪಾರ ನೆಲಕಚ್ಚಿತ್ತು, ಬೇಟೆಯ ಬಿಡಾರಗಳಲ್ಲಿ ಚದುರಿ ಬದುಕುತ್ತಿದ್ದವರು ಒಂದು ಕಡೆ ಮನೆ ಹೂಡಬೇಕಾಯಿತು, ಕೈಗೆ ದುಡ್ಡು ಬೇಕಿತ್ತು. ಹೊಟ್ಟೆಪಾಡು ಕೀಳು ಎನ್ನುತ್ತಿಲ್ಲ. ಅದಕ್ಕೆ ಪರಂಪರೆಯ ಪೇಟ ಸುತ್ತಬೇಡಿ ಎನ್ನುತ್ತಿದ್ದೇನೆ.

ಮಸಿ ಮೆತ್ತಿದ ಕೈ · ಸೋಮವಾರ, ಬೆಳಗ್ಗೆ 8.05

ಅಡ್ಡಮಾತು ಅವರೇ, ಹೆಸರಿಗೆ ತಕ್ಕ ಹಾಗೆ ಬಂದಿರಿ, ಸಂತೋಷ. ಆದರೆ ಅರ್ಧ ಮಾತ್ರ ಒಪ್ಪುತ್ತೇನೆ.

ಕಾಗದದ ಮೇಲಿನ ಅಚ್ಚು ಹೊಸದು, ನಿಜ. ಕೈಗೆ ಅದು ಹೊಸದಲ್ಲ. ಅಲ್ಲಿಯ ಹೆಂಗಸರು ಸೀಲ್ ತೊಗಲನ್ನು ಕತ್ತರಿಸಿ, ಕಪ್ಪು ತುಂಡಿನೊಳಗೆ ಬಿಳಿ ತುಂಡು ಕೂರಿಸಿ ಹೊಲಿದು, ಚೀಲ ಮತ್ತು ಪಾದರಕ್ಷೆಗಳ ಮೇಲೆ ಆಕೃತಿ ಮೂಡಿಸುತ್ತಿದ್ದರು. ಮೊದಮೊದಲ ಸ್ಟೆನ್ಸಿಲುಗಳನ್ನೂ (ಆಕೃತಿ ಕತ್ತರಿಸಿ ತೆಗೆದು ಬಣ್ಣ ಹಚ್ಚುವ ಹಾಳೆ) ಸೀಲ್ ತೊಗಲಿನಲ್ಲೇ ಕತ್ತರಿಸಿದರು. ಗೂಬೆಯ ಚಿತ್ರದಿಂದ ಹೆಸರಾದ ಕೆನೊಜುಅಕ್ ಅಶೇವಕ್ ಅವರ ಮೊದಲ ಅಚ್ಚುಚಿತ್ರ ಒಂದು ಮೊಲ, ಕಡಲಪಾಚಿ ತಿನ್ನುತ್ತಿರುವುದು. ಅದು ಹುಟ್ಟಿದ್ದು ಅವರೇ ಮಾಡಿದ್ದ ತೊಗಲಿನ ಚೀಲದ ಮೇಲಿನ ಆಕೃತಿಯಿಂದ.

ಇನ್ನು ಜಪಾನಿನ ನಂಟು. ಹ್ಯೂಸ್ಟನ್ 1958ರ ಕೊನೆಯಲ್ಲಿ ಜಪಾನಿಗೆ ಹೋಗಿ ಉನಿಚಿ ಹಿರಾತ್ಸುಕ ಎಂಬ ಹಿರಿಯರ ಬಳಿ ಕೆಲವು ತಿಂಗಳು ಕಲಿತ. ಹಿರಾತ್ಸುಕ ಅವರ ಪಂಥ ಬರೆಯುವವನೇ ಕೆತ್ತಬೇಕು, ಅವನೇ ಅಚ್ಚು ಹಾಕಬೇಕು ಎನ್ನುವಂಥದು. ಆದರೆ ಕೇಪ್ ಡಾರ್ಸೆಟ್ಟಿಗೆ ಬಂದದ್ದು ಅದಕ್ಕೂ ಹಿಂದಿನ ಹಳೆಯ ಪದ್ಧತಿ: ಬರೆಯುವವರು ಒಬ್ಬರು, ಕಲ್ಲು ಕೆತ್ತುವವರು ಇನ್ನೊಬ್ಬರು, ಅಚ್ಚು ಎತ್ತುವವರು ಮತ್ತೊಬ್ಬರು. ಜಪಾನಿನವರ ಹಾಗೆ ಅಂಚಿನಲ್ಲಿ ಅವರವರ ಮುದ್ರೆ, ಜೊತೆಗೆ ಆ ಊರಿನ ಸಹಕಾರ ಸಂಘದ ಕೆಂಪು ಇಗ್ಲೂ ಮುದ್ರೆ. 1959ರಲ್ಲಿ ಮೊದಲ ವಾರ್ಷಿಕ ಸಂಗ್ರಹ ಹೊರಬಂತು. ಅಂದಿನಿಂದ ವರ್ಷ ವರ್ಷ ಬರುತ್ತಿದೆ. ಊರಿನ ಹೆಸರು ಈಗ ಅವರದೇ ಮಾತಿನಲ್ಲಿ ಕಿಂಗೈಟ್, ಬೆಟ್ಟಗಳು ಎಂದರ್ಥ. 2020ರಿಂದ ಅಧಿಕೃತವಾಗಿಯೂ ಅದೇ.

ನನಗೆ ಸೋಜಿಗ ಎನಿಸುವುದು ಆ ಮೂರು ಕೈಗಳು. ಅಜ್ಜಿಯೊಬ್ಬಳು ಮನೆಯಲ್ಲಿ ಕುಳಿತು ಪೆನ್ಸಿಲಿನಲ್ಲಿ ಬರೆದದ್ದನ್ನು ಇನ್ನೊಬ್ಬ ಕಲ್ಲಿನಲ್ಲಿ ತನ್ನ ಕೈಯಿಂದ ಮತ್ತೆ ಹೇಳಬೇಕು. ಪೆನ್ಸಿಲಿನ ನವಿರು ರೋಮ ಕಲ್ಲಿನಲ್ಲಿ ನಿಲ್ಲುವುದಿಲ್ಲ, ಏನು ಬಿಡಬೇಕು ಏನು ಇಡಬೇಕು ಎಂದು ಕೆತ್ತುವವನು ತೀರ್ಮಾನಿಸುತ್ತಾನೆ. ಒಬ್ಬರಿಂದ ಕೇಳಿ ಇನ್ನೊಬ್ಬರು ಹೇಳುವುದಕ್ಕಿಂತ ಇದು ಬಹಳ ಬೇರೆಯೇ?

ಅಡ್ಡಮಾತು · ಸೋಮವಾರ, ಬೆಳಗ್ಗೆ 8.31

ಕೆನೊಜುಅಕ್ ಅವರ ಹೆಸರು ತೆಗೆದದ್ದು ಒಳ್ಳೆಯದಾಯಿತು, ನನ್ನ ವಾದಕ್ಕೆ ಅವರೇ ಸಾಕ್ಷಿ. 'ಮಾಯಾಗೂಬೆ' 1960ರದು. ಐವತ್ತು ಪ್ರತಿಗಳು, ಅರ್ಧಕ್ಕೆ ಕೆಂಪು ಬಾಲ, ಅರ್ಧಕ್ಕೆ ಹಸಿರು. 1970ರಲ್ಲಿ ಅಂಚೆಚೀಟಿಯಾಯಿತು. ಕೆನಡಾ ಎಂದರೆ ಆ ಗೂಬೆ ಎನ್ನುವಷ್ಟು ಹೆಸರಾಯಿತು. ಅದರ ಹಿಂದಿನ ಪುರಾಣ ಏನು ಎಂದು ಎಷ್ಟೋ ಜನ ಕೇಳಿದರು. ಆಕೆ ಹೇಳುತ್ತಿದ್ದದ್ದು ಒಂದೇ, ಕಣ್ಣಿಗೆ ಚೆಂದ ಕಾಣುವ ಹಾಗೆ ಕಾಗದವನ್ನು ತುಂಬುತ್ತೇನೆ, ಇದು ಇಂಥದ್ದರ ಚಿತ್ರ ಎಂದು ಯೋಚಿಸುವುದಿಲ್ಲ ಎಂದು.

ಅಲ್ಲಿಗೆ ಅತಿ ಪ್ರಸಿದ್ಧ ಚಿತ್ರದಲ್ಲಿ ಕಥೆಯೇ ಇಲ್ಲ. ಇದ್ದರೆ ಅದು ಕೊಂಡವರ ತಲೆಯಲ್ಲಿದೆ.

ಬ್ರಾಂಪ್ಟನ್ ಸೊಸೆ · ಸೋಮವಾರ, ಬೆಳಗ್ಗೆ 8.44

ಅತ್ತೆ ಗೂಬೆಗಳನ್ನು ದಾಟಿಕೊಂಡು ಹೋದದ್ದು ಸರಿಯಾಯಿತು ಎನ್ನಿ.

ಜಗಲಿಕಟ್ಟೆ · ಸೋಮವಾರ, ಮಧ್ಯಾಹ್ನ 1.10

ಅಡ್ಡಮಾತಿನವರೇ, ನೀವು ಒಂದೇ ಊರನ್ನು ನೋಡಿ ಇಡೀ ಉತ್ತರಕ್ಕೆ ತೀರ್ಪು ಕೊಡುತ್ತಿದ್ದೀರಿ. ಸ್ವಲ್ಪ ದಕ್ಷಿಣಕ್ಕೆ, ಹಡ್ಸನ್ ಕೊಲ್ಲಿಯ ಪೂರ್ವ ದಡದ ಪುವಿರ್ನಿಟುಕ್ ಊರಿಗೆ ಬನ್ನಿ. ಅಲ್ಲಿ ಎಷ್ಟೋ ಮಂದಿ ತಾವೇ ಕಲ್ಲು ಕೆತ್ತುತ್ತಿದ್ದರು. ಕಲ್ಲಿನ ಒರಟು ಅಂಚೂ ಕಾಗದದ ಮೇಲೆ ಬೀಳುತ್ತದೆ, ಹಾಗಾಗಿ ಚಿತ್ರ ಒಂದು ಬಂಡೆಯೊಳಗೆ ಕುಳಿತ ಹಾಗೆ ಕಾಣುತ್ತದೆ. ಬಳಪದ ಕಲ್ಲನ್ನು ಬಲ್ಲ ಬೇಲೂರು ಹಳೇಬೀಡಿನ ಕಡೆಯವರಿಗೆ ಅದು ಇಷ್ಟವಾಗಬಹುದು.

ಅಲ್ಲಿ ದವಿದಿಅಲುಕ್ ಅಲಸುಅ ಅಮಿಟ್ಟು ಎಂಬುವವರಿದ್ದರು, 1976ರಲ್ಲಿ ತೀರಿಕೊಂಡರು. ಮೊದಲು ಕಥೆಗಾರ, ಆಮೇಲೆ ಕಲಾವಿದ. ಉತ್ತರದ ಆಕಾಶದಲ್ಲಿ ಆಡುವ ಬಣ್ಣದ ಬೆಳಕಿದೆಯಲ್ಲ, ಅದು ಸತ್ತವರು ವಾಲ್ರಸ್ ತಲೆಬುರುಡೆಯನ್ನು ಚೆಂಡು ಮಾಡಿ ಒದೆಯುವ ಆಟ ಎಂದು ಅಲ್ಲಿಯವರು ಹೇಳುತ್ತಾರೆ. ಸಿಳ್ಳೆ ಹಾಕಿದರೆ ಬೆಳಕು ಕೆಳಗಿಳಿದು ತಲೆ ಕಡಿದುಕೊಂಡು ಹೋಗುತ್ತದೆ, ಚೆಂಡು ಬೇಕಲ್ಲ! ದವಿದಿಅಲುಕ್ ಅದನ್ನೇ ಕೆತ್ತಿದ್ದಾರೆ, ಬೆಳಕು ಒಬ್ಬ ಯುವಕನ ತಲೆ ಹಾರಿಸುತ್ತಿರುವುದು. ಯಾವ ಕೊಳ್ಳುವವನೂ ನಡುಮನೆಗೆ ಬೇಕೆಂದು ಕೇಳಿ ಮಾಡಿಸುವ ಚಿತ್ರವಲ್ಲ.

ಅದೇ ಊರಿನ ಜೋ ತಲಿರುನಿಲಿ ಒಂದೇ ಸಂಗತಿಯನ್ನು ಕಲ್ಲಿನ ಶಿಲ್ಪದಲ್ಲೂ ಅಚ್ಚಿನಲ್ಲೂ ಮತ್ತೆ ಮತ್ತೆ ಮಾಡಿದರು, ಜನರಿಂದ ಕಿಕ್ಕಿರಿದ ಒಂದು ತೊಗಲುದೋಣಿ. ಅವರು ತಾಯಿಯ ಬೆನ್ನಿನ ಮುಸುಕಿನಲ್ಲಿದ್ದ ಕೂಸಾಗಿದ್ದಾಗ ಹಲವು ಕುಟುಂಬಗಳು ಒಡೆದ ಹಿಮದ ಹಾಸಿನ ಮೇಲೆ ಸಿಕ್ಕಿಕೊಂಡು ತೇಲಿಹೋಗಿದ್ದವು. ಇದ್ದಬದ್ದ ಮರದ ತುಂಡು, ಸೀಲ್ ತೊಗಲು ಸೇರಿಸಿ ದೋಣಿ ಕಟ್ಟಿ ದಡ ಸೇರಿದರು. ತಲಿರುನಿಲಿ ಕೆಲವು ದೋಣಿಗಳ ಜೊತೆಗೆ ಅದರಲ್ಲಿದ್ದವರ ಹೆಸರುಗಳನ್ನೂ ಬರೆದಿಟ್ಟರು.

ಇಲ್ಲೊಂದು ಭೇದವಿದೆ. ತಲೆಮಾರುಗಳಾಚೆಯಿಂದ ಬಂದ ಕಥೆಗೆ ಅವರ ಭಾಷೆಯಲ್ಲಿ ಉನಿಕ್ಕಾಕ್ತುಅತ್ ಎನ್ನುತ್ತಾರೆ. ಕಂಡದ್ದು, ಅಪ್ಪ ಅಜ್ಜನಿಗೆ ಆದದ್ದನ್ನು ಹೇಳಿದರೆ ಅದಕ್ಕೆ ಬೇರೆ ಹೆಸರು, ಉನಿಕ್ಕಾತ್. ಲೂಮಾಕ್ ಮೊದಲನೆಯ ಬಗೆ, ತಲಿರುನಿಲಿಯ ದೋಣಿ ಎರಡನೆಯದು. ನಾವು ಎರಡನ್ನೂ 'ಪುರಾಣ' ಎಂಬ ಒಂದೇ ಗೋಣಿಚೀಲಕ್ಕೆ ತುಂಬುತ್ತೇವೆ.

ಹರಟೆಮಲ್ಲ · ಸೋಮವಾರ, ಮಧ್ಯಾಹ್ನ 2.30

ನಮ್ಮ ಮಲೆನಾಡಿನ ದೀವರ ಹೆಂಗಸರ ಚಿತ್ತಾರವೂ ಇದೇ ತಾನೆ? ಗೋಡೆಯ ಮೇಲೆ ಹಸೆ ಬರೆಯುತ್ತಾರೆ, ಜೊತೆಗೆ ಹಾಡುತ್ತಾರೆ. ಎಲ್ಲ ಕಡೆಯೂ ಒಂದೇ ಮನುಷ್ಯ!

ಜಗಲಿಕಟ್ಟೆ · ಸೋಮವಾರ, ಮಧ್ಯಾಹ್ನ 2.52

ಮಲ್ಲಣ್ಣ, ಎಲ್ಲವೂ ಒಂದೇ ಎಂದುಬಿಟ್ಟರೆ ಮೇಷ್ಟ್ರುಗಳ ಹೊಟ್ಟೆಪಾಡು ಹೇಗೆ? ಚಿತ್ತಾರ ಮದುವೆಮನೆಯ ಗೋಡೆಗೆ ಸೇರಿದ್ದು, ಮಾಡಿದವರ ನಡುವೆಯೇ ಇರುತ್ತದೆ. ಈ ಅಚ್ಚುಗಳು ಮೊದಲ ದಿನದಿಂದಲೂ ಊರು ಬಿಟ್ಟು ಹೋಗಲೆಂದೇ ಹುಟ್ಟಿದವು. ಆ ವ್ಯತ್ಯಾಸವೇ ಇಡೀ ಚರ್ಚೆಯ ಗಂಟು.

ಹೋಲಿಕೆಯೇ ಬೇಕೆಂದರೆ ಹತ್ತಿರದ್ದನ್ನು ಕೊಡುತ್ತೇನೆ. ಅಲಾಸ್ಕಾದ ಯುಪಿಕ್ ಜನ, ಇನುಯಿಟ್ ಜನರ ನೆಂಟರು ಆದರೆ ಬೇರೆಯವರು. ಅವರಲ್ಲಿ ಹುಡುಗಿಯರು ದಂತದ ಚಾಕುವಿನಿಂದ ಕೆಸರಿನ ಮೇಲೆ, ಹಿಮದ ಮೇಲೆ ಚಿತ್ರ ಗೀಚುತ್ತಾ ಕಥೆ ಹೇಳುತ್ತಾರೆ. ಮನೆ ಗೀಚಿದಳು, ಅಜ್ಜಿಯನ್ನು ಗೀಚಿದಳು, ಆ ಸಂಗತಿ ಮುಗಿಯಿತು, ಚಾಕುವಿನ ಬದಿಯಿಂದ ಸವರಿ ಅಳಿಸಿದಳು. ಅದೇ ಜಾಗದಲ್ಲಿ ಮುಂದಿನ ಸಂಗತಿ. ಕಲ್ಲನ್ನು ಕೆಡಿಸುತ್ತಾರೆ ಎಂದು ಮಸಿಯವರು ಹೇಳಿದಾಗ ನನಗೆ ಇದು ನೆನಪಾಯಿತು. ಅಲ್ಲಿ ಅಳಿಸುವುದು ಕಥೆ ಮುಂದೆ ಹೋಗಲೆಂದು, ಇಲ್ಲಿ ಬೆಲೆ ಇಳಿಯದಿರಲೆಂದು.

ಧ್ರುವತಾರೆ · ಸೋಮವಾರ, ಸಂಜೆ 6.18

ಕೋಪನ್‌ಹೇಗನ್ನಿನಿಂದ ಬರೆಯುತ್ತಿದ್ದೇನೆ. ಎಲ್ಲರೂ 1957 ಎನ್ನುತ್ತಿದ್ದೀರಿ. ಅದಕ್ಕೂ ನೂರು ವರ್ಷ ಮೊದಲು ಗ್ರೀನ್‌ಲೆಂಡಿನಲ್ಲಿ ಇದು ನಡೆದಿದೆ, ಅದೂ ಕಥೆ ಉಳಿಸುವುದಕ್ಕೆಂದೇ.

ಹಿನ್ರಿಕ್ ರಿಂಕ್ ಎಂಬ ಡೇನಿಶ್ ಅಧಿಕಾರಿ 1858ರಲ್ಲಿ ಊರೂರಿಗೆ ಒಂದು ಸುತ್ತೋಲೆ ಕಳಿಸಿದ, ನಿಮ್ಮ ಹಳೆಯ ಕಥೆಗಳನ್ನು ಬರೆದು ಕಳಿಸಿ, ಚಿತ್ರವಿದ್ದರೆ ಅದನ್ನೂ ಕಳಿಸಿ ಎಂದು. ಈಗಿನ ನೂಕ್ ಪಟ್ಟಣದ ಹತ್ತಿರ ಕಾಂಗೆಕ್ ಎಂಬಲ್ಲಿ ಆರೊನ್ ಎಂಬ ಬೇಟೆಗಾರನಿದ್ದ. ಕ್ಷಯ ಹಿಡಿದು ಹಾಸಿಗೆ ಸೇರಿದ್ದ. ಕಯಾಕು, ಅಂದರೆ ಒಬ್ಬರೇ ಕೂರುವ ತೊಗಲುದೋಣಿ, ನಡೆಸಲಾಗದ ಬೇಟೆಗಾರ ಎಂದರೆ ಅಲ್ಲಿ ಏನೂ ಅಲ್ಲದವನು. ಅವನಿಗೆ ರಿಂಕ್ ಕಾಗದ, ಬಣ್ಣ, ಮರದ ಹಲಗೆಗಳನ್ನು ಕಳಿಸಿದ. ಆರೊನ್ ಮಲಗಿದ್ದಲ್ಲಿಯೇ ಕೆತ್ತಿದ, ಬರೆದ. 1859ರಿಂದ ನೂಕ್‌ನ ಪುಟ್ಟ ಮುದ್ರಣಾಲಯದಲ್ಲಿ ಕಥೆಗಳು ಗ್ರೀನ್‌ಲೆಂಡಿನ ಭಾಷೆ ಮತ್ತು ಡೇನಿಶ್ ಎರಡರಲ್ಲೂ, ಅವನ ಮರಗೆತ್ತನೆಯ ಚಿತ್ರಗಳ ಜೊತೆ ಸಂಪುಟಗಳಾಗಿ ಬಂದವು. 1869ರಲ್ಲಿ ಅವನು ತೀರಿಕೊಂಡ.

ಇಲ್ಲಿ ಕಥೆ ಮತ್ತು ಚಿತ್ರ ಒಂದೇ ಪುಟದಲ್ಲಿವೆ, ಓದುವವರು ಅದೇ ನೆಲದವರು. ಮೂಲ ಪ್ರಶ್ನೆ ಕೇಳಿದ ಮೇಡಂ, ನಿಮ್ಮ ಫಲಕದ ಸಾಲು ಆರೊನ್‌ಗೆ ನಿಜವಾಗಿ ಸಲ್ಲುತ್ತದೆ. ಅವನ ನೀರುಬಣ್ಣದ ಚಿತ್ರಗಳು ಮಾತ್ರ ಬಹುಕಾಲ ಡೆನ್ಮಾರ್ಕಿನಲ್ಲೇ ಇದ್ದು, 1982ರಲ್ಲಿ ಗ್ರೀನ್‌ಲೆಂಡಿಗೆ ಮರಳಿದವು.

ಅಡ್ಡಮಾತು · ಸೋಮವಾರ, ಸಂಜೆ 7.00

ಇದು ಗೊತ್ತಿರಲಿಲ್ಲ. ಒಪ್ಪಿದೆ. ಆದರೆ ಇದು ನನ್ನ ಮಾತಿಗೇ ಬಲ ಕೊಡುತ್ತದೆ, ಅಕ್ಷರ ಜೊತೆಗಿದ್ದಾಗ ಉಳಿಯಿತು, ಚಿತ್ರ ಒಂಟಿಯಾಗಿ ಮಾರಾಟಕ್ಕೆ ಹೋದಾಗ ಕಥೆ ಕಳಚಿಕೊಂಡಿತು.

ಮಾರುಕಟ್ಟೆಯ ಕತ್ತರಿಯ ಬಗ್ಗೆಯೂ ಹೇಳಿಬಿಡುತ್ತೇನೆ. 1961ರಿಂದ 1989ರವರೆಗೆ ದಕ್ಷಿಣ ಕೆನಡಾದ ಒಂದು ಸಮಿತಿ ಕುಳಿತು ಯಾವ ಊರಿನ ಯಾವ ಅಚ್ಚು ವಾರ್ಷಿಕ ಸಂಗ್ರಹಕ್ಕೆ ಸೇರಬಹುದು ಎಂದು ನೋಡುತ್ತಿತ್ತು. ಪುವಿರ್ನಿಟುಕ್‌ನ ಒರಟು ಅಚ್ಚುಗಳಿಗೂ ಆ ಸಮಿತಿಗೂ ಹೊಂದಿಕೆಯಾಗಲಿಲ್ಲ. ಕೊಳ್ಳುವವರಿಗೆ ಬೇಕಾದದ್ದು ಗೂಬೆ, ಕರಡಿ, ಹಿಮದ ಮನೆ. ಕೇಪ್ ಡಾರ್ಸೆಟ್ಟಿನ ಕಲಾವಿದ ಪುಡ್ಲೊ ಪುಡ್ಲಟ್ ವಿಮಾನ ಬರೆದಾಗ ಜನ ಹುಬ್ಬೇರಿಸಿದರು. ಆ ಮನುಷ್ಯನ ಬದುಕಿಗೆ ವಿಮಾನ ಗೂಬೆಯಷ್ಟೇ ನಿಜವಾಗಿತ್ತು.

ಕಟ್ಟೆ ಕಾವಲು (ನಿರ್ವಾಹಕ) · ಸೋಮವಾರ, ರಾತ್ರಿ 8.12

ಚರ್ಚೆ ಚೆನ್ನಾಗಿ ನಡೆದಿದೆ. ಒಂದು ಸೂಚನೆ: ಹಳೆಯ ಪುಸ್ತಕಗಳಲ್ಲಿ ಬರುವ 'ಎಸ್ಕಿಮೊ' ಪದವನ್ನು ಕೆನಡಾದ ಇನುಯಿಟ್ ಜನ ಒಪ್ಪುವುದಿಲ್ಲ. ಅದನ್ನು ಬಳಸಿದ್ದ ಎರಡು ಪ್ರತಿಕ್ರಿಯೆಗಳನ್ನು ತೆಗೆದಿದ್ದೇನೆ, ತಿದ್ದಿ ಮತ್ತೆ ಹಾಕಬಹುದು.

ಮಸಿ ಮೆತ್ತಿದ ಕೈ · ಸೋಮವಾರ, ರಾತ್ರಿ 9.26

ಕತ್ತರಿ ಇತ್ತು, ಸರಿ. ಕತ್ತರಿಸಿ ಉಳಿದ ತುಂಡುಗಳು ಎಲ್ಲಿ ಹೋದವು ಎಂದು ಯಾರೂ ಕೇಳಲಿಲ್ಲವಲ್ಲ!

ಕಿಂಗೈಟ್‌ನ ಸಹಕಾರ ಸಂಘದ ನಿಜವಾದ ಸಾಧನೆ ನನ್ನ ಮಟ್ಟಿಗೆ ಅಚ್ಚುಗಳಲ್ಲ. 1960ರಲ್ಲಿ ಅಲ್ಲಿಗೆ ಬಂದು ಹಲವು ದಶಕ ನಿಂತ ಟೆರಿ ರಯನ್ ಎಂಬ ವ್ಯವಸ್ಥಾಪಕರ ಕಾಲದಲ್ಲಿ, ಯಾರು ಏನೇ ಬರೆದು ತಂದರೂ ಸಂಘ ಹೆಚ್ಚುಕಡಿಮೆ ಎಲ್ಲವನ್ನೂ ದುಡ್ಡು ಕೊಟ್ಟು ಕೊಳ್ಳುತ್ತಿತ್ತು. ವರ್ಷಕ್ಕೆ ಅಚ್ಚಾಗುತ್ತಿದ್ದದ್ದು ಕೆಲವೇ ಡಜನ್. ಮಿಕ್ಕವು ಕಪಾಟಿಗೆ. 1964ರಲ್ಲಿ ರಯನ್ ನಾಯಿಗಾಡಿಯಲ್ಲಿ ಬ್ಯಾಫಿನ್ ದ್ವೀಪದ ಉತ್ತರ ಭಾಗಕ್ಕೆ ಹೋಗಿ ಬಿಡಾರ ಬಿಡಾರಕ್ಕೆ ಕಾಗದ, ಪೆನ್ಸಿಲು ಹಂಚಿದರು. ನೆನಪಿರುವುದನ್ನು ಬರೆಯಿರಿ ಎಂದರು. ಹಿಂದಿರುಗಿದಾಗ ಅವರ ಬಳಿ ಸಾವಿರಕ್ಕೂ ಹೆಚ್ಚು ಚಿತ್ರಗಳಿದ್ದವು. ಕೆಲವುದರಲ್ಲಿ ಚಿತ್ರದ ಪಕ್ಕದಲ್ಲೇ ಅವರ ಲಿಪಿಯಲ್ಲಿ ಕಥೆ. ಆ ಕಾಗದಗಳನ್ನು ಮಾರಲೆಂದು ಯಾರೂ ತಿದ್ದಲಿಲ್ಲ.

ಸಂಘದ ಆ ಕಪಾಟಿನ ಸುಮಾರು 90 ಸಾವಿರ ರೇಖಾಚಿತ್ರಗಳು ಈಗ ಟೊರಾಂಟೊ ಹೊರವಲಯದ ಕ್ಲೈನ್‌ಬರ್ಗ್‌ನಲ್ಲಿ, ಮೆಕ್‌ಮೈಕಲ್ ಸಂಗ್ರಹಾಲಯದ ಸುಪರ್ದಿಯಲ್ಲಿವೆ. ಒಡೆತನ ಸಂಘದ್ದೇ. ಬಹುಪಾಲು ಸ್ಕ್ಯಾನ್ ಮಾಡಿ ಅಂತರಜಾಲಕ್ಕೆ ಏರಿಸಿದ್ದಾರೆ. ಅಚ್ಚು ಹಾಕುತ್ತಿದ್ದ ಇನ್ನೊಂದು ಇನುಯಿಟ್ ಊರು ಬೇಕರ್ ಲೇಕ್‌ಗೆ ಆ ಭಾಗ್ಯ ಇರಲಿಲ್ಲ, 1977ರ ಬೆಂಕಿಯಲ್ಲಿ ಅಲ್ಲಿಯ ಅಚ್ಚುಮನೆ ಸುಟ್ಟುಹೋಯಿತು.

ಧ್ರುವತಾರೆ · ಸೋಮವಾರ, ರಾತ್ರಿ 10.03

ಆ ಕಪಾಟಿನಲ್ಲಿ ಏನಿದೆ ಎಂಬುದಕ್ಕೆ ಒಂದೇ ಮನೆಯ ಮೂರು ತಲೆಮಾರು ನೋಡಿ ಸಾಕು.

ಅಜ್ಜಿ ಪಿಟ್ಸಿಯೊಲಕ್ ಅಶೂನ, 1904ರ ಆಸುಪಾಸಿನಲ್ಲಿ ಹುಟ್ಟಿದವರು. ಗಂಡ ಸತ್ತ ಮೇಲೆ ಮಕ್ಕಳನ್ನು ಕಟ್ಟಿಕೊಂಡು ಹಸಿವು ಕಂಡವರು. ಚಿತ್ರಕ್ಕೆ ದುಡ್ಡು ಕೊಡುತ್ತಾರೆ ಎಂದು ಕೇಳಿ ಬರೆಯತೊಡಗಿದರು, ಅದನ್ನು ಮುಚ್ಚಿಡಲೂ ಇಲ್ಲ. 8 ಸಾವಿರಕ್ಕೂ ಹೆಚ್ಚು ಚಿತ್ರ ಬರೆದರು: ಬೇಸಿಗೆಯ ಗುಡಾರ, ಹೊರೆ ಹೊತ್ತ ನಾಯಿಗಳು, ಮೊಟ್ಟೆ ಹೆಕ್ಕುವ ಹುಡುಗಿಯರು. ಅವರ ಬದುಕಿನ ಮಾತುಗಳನ್ನು ಧ್ವನಿಮುದ್ರಿಸಿಕೊಂಡು 1971ರಲ್ಲಿ ಇಂಗ್ಲಿಷ್ ಮತ್ತು ಅವರ ಮಾತು ಇನುಕ್ಟಿಟುಟ್ ಎರಡರಲ್ಲೂ ಪುಸ್ತಕವಾಗಿಸಿದರು.

ಮಗಳು ನಪಾಚೀ ಪೂಟೂಗುಕ್, 2002ರಲ್ಲಿ ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ಅಜ್ಜಿ ಬರೆಯದೆ ಬಿಟ್ಟದ್ದನ್ನು ಬರೆದರು: ಬರಗಾಲ, ಬಲವಂತದ ಮದುವೆ, ಹೆಂಡತಿಯನ್ನು ಹೊಡೆಯುವ ಗಂಡ. ಹಲವು ಚಿತ್ರಗಳ ಮೇಲೆ ಸ್ವಂತ ಕೈಬರಹದಲ್ಲಿ ಇದು ಇಂಥವರಿಗೆ ಆದದ್ದು ಎಂಬ ಸಾಲುಗಳಿವೆ. ಇವು ಗೂಬೆಯಂತೆ ಗೋಡೆಗೆ ಹೋಗಲಿಲ್ಲ. ಬಹುಪಾಲು ರೇಖಾಚಿತ್ರಗಳಾಗಿಯೇ ಉಳಿದವು.

ಮೊಮ್ಮಗಳು ಆನೀ ಪೂಟೂಗುಕ್ ಟಿವಿ ನೋಡುವ ಮನೆಮಂದಿ, ಅಂಗಡಿಯ ಸಾಲು, ಗೋಡೆಯ ಗಡಿಯಾರ ಎಲ್ಲವನ್ನೂ ಬಣ್ಣದ ಪೆನ್ಸಿಲಿನಲ್ಲಿ ಬರೆದರು. 2006ರಲ್ಲಿ ಕೆನಡಾದ ಸೋಬಿ ಕಲಾ ಪ್ರಶಸ್ತಿ ಬಂತು. ಮೇಷ್ಟ್ರು ಹೇಳಿದ ಉನಿಕ್ಕಾತ್ ಇದೇ ಅಲ್ಲವೇ?

ಅಡ್ಡಮಾತು · ಸೋಮವಾರ, ರಾತ್ರಿ 10.40

ನಪಾಚೀ ಅವರ ಚಿತ್ರಗಳನ್ನು ಈಗ ಒಂದು ಗಂಟೆಯಿಂದ ನೋಡುತ್ತಾ ಕುಳಿತಿದ್ದೇನೆ. ನಾಳೆ ಕಚೇರಿಯಿದೆ, ನಿದ್ದೆ ಹೋಯಿತು. ಬೆಳಗ್ಗೆ ಹೊಟ್ಟೆಪಾಡು ಎಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಆ ಹೊಟ್ಟೆಪಾಡಿನ ವ್ಯವಸ್ಥೆಯೇ ಮಾರಲಾಗದ ಕಥೆಗಳಿಗೂ ದುಡ್ಡು ಕೊಟ್ಟು ಕಾಗದ ಒದಗಿಸಿತು ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಜಗಲಿಕಟ್ಟೆ · ಮಂಗಳವಾರ, ಬೆಳಗ್ಗೆ 6.15

ಅಡ್ಡಮಾತು ನೇರವಾಗುತ್ತಿದೆ, ಸೂರ್ಯ ಎಲ್ಲಿ ಹುಟ್ಟಿದ್ದಾನೆ ನೋಡಿ ಬರುತ್ತೇನೆ.

ತಂಗಿ, ನೀವು ಸುದ್ದಿಯೇ ಇಲ್ಲವಲ್ಲ. ಅತ್ತೆ ಏನೆಂದರು?

ಬ್ರಾಂಪ್ಟನ್ ಸೊಸೆ · ಮಂಗಳವಾರ, ಬೆಳಗ್ಗೆ 7.50

ಕ್ಷಮಿಸಿ ಮೇಷ್ಟ್ರೇ, ನಿನ್ನೆ ಕೆಲಸ. ರಾತ್ರಿ ಊಟವಾದ ಮೇಲೆ ನೀವು ಬರೆದದ್ದನ್ನು ಓದಿ ಹೇಳಿದೆ. ಮಗನೂ ಪಕ್ಕದಲ್ಲಿದ್ದ. ನಾಯಿಯ ಮಾಂಸದವರೆಗೆ ಅತ್ತೆ ಸುಮ್ಮನೆ ಕೇಳಿದರು, ಆಮೇಲೆ ತಡೆದರು. "ಹೆತ್ತ ತಾಯಿ ಹಾಗೆ ಮಾಡಲಾರಳು. ಅವಳು ಮಲತಾಯಿ ಇರಬೇಕು. ನಿಮ್ಮ ಮೇಷ್ಟ್ರಿಗೆ ಸರಿಯಾಗಿ ಗೊತ್ತಿಲ್ಲ." ಅಲ್ಲಿಂದ ಮುಂದೆ ನನ್ನ ಕೈಯಿಂದ ಕಥೆ ಹೋಯಿತು. ಮೊಮ್ಮಗನನ್ನು ತೊಡೆಗೆ ಎಳೆದುಕೊಂಡು ಮೊದಲಿನಿಂದ ತಾವೇ ಹೇಳಿದರು. ಮಲತಾಯಿ ಬಂದಳು. ಹಿಮಕರಡಿ ಬರೀ ಕರಡಿಯಾಯಿತು. ಲೂನ್ ಹಕ್ಕಿ ಏನೆಂದು ಕೇಳಿದರು, ಚಿತ್ರ ತೋರಿಸಿದೆ, "ನೀರುಕಾಗೆ ಅನ್ನು" ಎಂದರು. ತಂಗಿ ಮಾಂಸ ಬಚ್ಚಿಟ್ಟು ತರುವುದನ್ನು ಮಾತ್ರ ಒಂದಕ್ಕೆ ನಾಲ್ಕು ಮಾಡಿ ಹೇಳಿದರು.

ಹಗ್ಗದ ಜಾಗ ಬಂದಾಗ ಮಗ ಎದ್ದು ಕುಳಿತ. "ಅಮ್ಮಾ, ಅವತ್ತಿನ ಚಿತ್ರದಲ್ಲಿ ಹುಡುಗನ ಕೈ ಹೀಗಿತ್ತು" ಎಂದು ಎರಡೂ ಕೈ ಮುಂದೆ ಚಾಚಿ ಬೆರಳು ಬಿಡಿಸಿ ತೋರಿಸಿದ. "ಈಗ ತಾನೆ ಬಿಟ್ಟಿದ್ದಾನೆ."

ನಾನು ಆ ಚಿತ್ರದ ಮುಂದೆ ಹತ್ತು ನಿಮಿಷ ನಿಂತಿದ್ದೆ. ಅವನು ಸಹಾಯಕ್ಕೆ ಕೈ ಚಾಚಿದ್ದಾನೆ ಎಂದುಕೊಂಡಿದ್ದೆ.

ಅತ್ತೆಯ ಎರಡು ಪ್ರಶ್ನೆಗಳಿವೆ. ಮಲತಾಯಿ ಎಂದದ್ದು ಸರಿಯೋ ತಪ್ಪೋ? ಆ ತಂಗಿಯ ಗತಿ ಏನಾಯಿತು?

ಜಗಲಿಕಟ್ಟೆ · ಮಂಗಳವಾರ, ಬೆಳಗ್ಗೆ 8.20

ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. ಕೆಲವು ಊರುಗಳ ಪಾಠದಲ್ಲಿ ಅವಳು ಮಲತಾಯಿಯೇ. ಇನ್ನು ಕೆಲವು ಕಡೆ ಅಜ್ಜಿ. ಅದನ್ನು ಅತ್ತೆಯವರಿಗೆ ಹೇಳುವುದೋ ಬೇಡವೋ, ನೀವೇ ನೋಡಿಕೊಳ್ಳಿ.

ಅಣ್ಣ ತಂಗಿ ಇಬ್ಬರೂ ಆ ದಡ ಬಿಟ್ಟು ಹೊರಟುಹೋಗುತ್ತಾರೆ. ಕೆಲವರು ಹೇಳುವ ಪ್ರಕಾರ ಮುಂದೆ ಅವಳೇ ಸೂರ್ಯ, ಅವನೇ ಚಂದ್ರ. ಅವಳು ಕೈಯಲ್ಲಿ ಉರಿಯುವ ಪಂಜು ಹಿಡಿದು ಓಡುತ್ತಾಳೆ, ಅವನು ಹಿಂದೆ. ಏಕೆ ಓಡುತ್ತಾಳೆ ಎಂಬುದು ಮಕ್ಕಳ ಮುಂದೆ ಹೇಳುವಂಥದಲ್ಲ, ಮೊಮ್ಮಗ ಶಾಲೆಗೆ ಹೋದ ಮೇಲೆ ಓದಿ ಹೇಳಿ. ಈಗ ಇಲ್ಲಿ ಧಾರವಾಡದಲ್ಲಿ ಕರೆಂಟು ಹೋಗಿದೆ, ಮೊಬೈಲಿನ ಚಾರ್ಜು ಮುಗಿಯುತ್ತಾ ಬಂತು. ಬಂದ ಕೂಡಲೇ ಬರೆಯುತ್ತೇನೆ.